ತೊಟ್ಟಿಯ ನೀರು ತಿಳಿಯಾದ ವರ್ಷ

ಮನೆಯ ಹಿಂದಿನ ಕಲ್ಲುತೊಟ್ಟಿಯ ನೀರು ಹಸಿರಾಗಿದ್ದರೆ ನನಗೆ ಸಮಾಧಾನ, ತಿಳಿಯಾದರೆ ಹೆದರಿಕೆ. ಹೀಗೆಂದರೆ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಪಾಪ, ಗಂಡ ಹೋದ ಮೇಲೆ ಇವಳಿಗೆ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಅವರ ಮನೆಯ ತೊಟ್ಟಿ ಅವರಿಗೆ, ನನ್ನ ಮನೆಯದು ನನಗೆ.

ನಮ್ಮದು ಶಿರಸಿ ಪೇಟೆಯ ಗಲ್ಲಿಯೊಂದರಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಮನೆ. ಹಿಂದೆ ಅಂಗೈಯಗಲದ ಹಿತ್ತಲು. ಅಡುಗೆಮನೆಯ ಬಾಗಿಲಿಗೆ ತಾಗಿ ಕೈ ತೊಳೆಯುವ ಕಲ್ಲು, ಅಲ್ಲಿಂದ ಒಂದು ಸಣ್ಣ ಗಟಾರ, ಗಟಾರದ ತುದಿಗೆ ಈ ತೊಟ್ಟಿ. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು, ಊಟವಾದವರು ಬಾಯಿ ಮುಕ್ಕಳಿಸಿದ ನೀರು ಎಲ್ಲವೂ ಅದಕ್ಕೇ. ಅಲ್ಲಿಂದ ಬಕೆಟ್ಟಿನಲ್ಲಿ ಮೊಗೆದು ಬಸಳೆಯ ಬುಡಕ್ಕೂ ದಾಸವಾಳಕ್ಕೂ ಹಾಕುತ್ತೇನೆ. ನಾನು ಈ ಮನೆಗೆ ಬಂದಾಗಿನಿಂದ ಆ ನೀರು ಬಸಳೆ ಸೊಪ್ಪನ್ನು ಅರೆದು ಕದಡಿದ ಹಾಗೆ ಗಟ್ಟಿ ಹಸಿರು. ಸೊಳ್ಳೆ ಆಗಬಾರದೆಂದು ಆರೋಗ್ಯ ಇಲಾಖೆಯವರು ತಂದುಬಿಟ್ಟ ಗಪ್ಪಿ ಮೀನುಗಳು ಅದರೊಳಗೆ ಇದ್ದಾವೋ ಸತ್ತಾವೋ ಎಂದು ಕೂಡ ಗೊತ್ತಾಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅದು ತಾನಾಗಿ ತಿಳಿಯಾಗತೊಡಗಿತು. ಮೊದಲು ಅಂಚು, ಆಮೇಲೆ ನಡು. ಒಂದು ಬೆಳಿಗ್ಗೆ ಬಕೆಟ್ ಹಿಡಿದು ಬಗ್ಗಿದವಳಿಗೆ ತೊಟ್ಟಿಯ ತಳವೇ ಕಂಡಿತು. ಕಲ್ಲಿಗೆ ಉಳಿ ಹೊಡೆದ ಗುರುತುಗಳು, ಅದರ ಮೇಲೆ ತೆಳ್ಳಗೆ ಬಿಳಿ ಹುಡಿ, ಹುಡಿಯ ಮೇಲೆ ಒಂದೊಂದು ಗಪ್ಪಿಯ ನೆರಳು. ನೀರೇ ಇಲ್ಲವೇನೋ, ಮೀನುಗಳು ಗಾಳಿಯಲ್ಲಿ ತೇಲುತ್ತಿವೆಯೇನೋ ಅನ್ನಿಸಿತು. ಗೋಡೆಯಾಚೆಯಿಂದ ಇಣುಕಿದ ಪಕ್ಕದ ಮನೆಯಾಕೆ ಬಾಯಿ ಬಿಟ್ಟಳು.

“ಅಯ್ಯೋ ಅಕ್ಕಾ, ಗಂಗೆ ಬಂದ ಹಾಗಿದೆಯಲ್ಲೇ! ನೋಡ್ತಾ ಇರು, ನಿನ್ನ ಮನೆಗೆ ಒಳ್ಳೇದಾಗ್ತದೆ.”

ಅವಳ ಬಾಯಿಗೆ ಸಕ್ಕರೆ ಹಾಕಬೇಕು ಅಂದುಕೊಂಡೆ. ಒಳ್ಳೆಯದೊಂದಕ್ಕಾಗಿ ನಾವು ಕಾಯುತ್ತಿದ್ದ ಕಾಲ ಅದು. ಒಂದು ಹೂ ಕಿತ್ತು ನೀರಿಗೆ ಹಾಕಿ ಕೈ ಮುಗಿದೆ ಕೂಡ.

ನನ್ನ ಗಂಡ ಬಸ್ಸಿನ ಡ್ರೈವರ್. ಹುಟ್ಟಿದ್ದು ಸಿದ್ದಾಪುರದ ಕಡೆ. ಪಾಲಿಗೆ ಬಂದ ಚೂರು ತೋಟವನ್ನು ಅಣ್ಣಂದಿರಿಗೆ ಬಿಟ್ಟು, ಸ್ಟೇರಿಂಗ್ ಹಿಡಿದವರು. ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ, ಮತ್ತೆ ವಾಪಸ್ಸು. ಅವರ ಆಯುಷ್ಯದ ಬಹುಪಾಲು ಆ ರಸ್ತೆಯ ತಿರುವುಗಳಲ್ಲೇ ಕಳೆಯಿತು. ಕೈಯಲ್ಲಿ ಸ್ಟೇರಿಂಗ್, ಬಾಯಲ್ಲಿ ಕವಳ. ನಮ್ಮ ಕಡೆ ಎಲೆ ಅಡಿಕೆಗೆ ಕವಳ ಅನ್ನುತ್ತೇವೆ. ಕವಳವಿಲ್ಲದೆ ನಮ್ಮಲ್ಲಿ ಮದುವೆ ಮಾತುಕತೆಯಿಲ್ಲ, ಶ್ರಾದ್ಧದ ಊಟ ಮುಗಿಯುವುದಿಲ್ಲ. ಆದರೆ ಇವರದು ಸ್ವಲ್ಪ ಅತಿ. ಇವರು ಓಡಿಸುವ ಬಸ್ಸನ್ನು ದೂರದಿಂದಲೇ ಗುರುತಿಸಬಹುದಿತ್ತು, ಡ್ರೈವರ್ ಬಾಗಿಲಿನ ಕೆಳಗೆ ಉದ್ದಕ್ಕೆ ಕೆಂಪು ಪಟ್ಟೆ. “ಬಸ್ಸಿಗೆ ದೃಷ್ಟಿ ತಾಗದೇ ಇರ್ಲಿ ಹೇಳಿ ಕುಂಕುಮ ಇಟ್ಟಿದ್ದು” ಎಂದು ನಗುತ್ತಿದ್ದರು. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿಯುತ್ತಿರಲಿಲ್ಲ.

ನಾನು ಪೇಟೆಯ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಈಗೆಲ್ಲ ಪ್ಲಾಸ್ಟಿಕ್ ಬಂದಿದೆ, ಆದರೂ ಹಳೆಯ ಗಿರಾಕಿಗಳಿಗೆ ಗಾಜೇ ಆಗಬೇಕು. ಗಾಜಿನ ಗೀರು ತೆಗೆಯಲು ಒಂದು ಹುಡಿ ಬರುತ್ತದೆ. ಒಣಗಿದ ಗುಲಾಬಿ ಪಕಳೆಯ ಬಣ್ಣ, ಮುಟ್ಟಿದರೆ ಮೈದಾಹಿಟ್ಟಿಗಿಂತ ನಯ. ನೀರಿನಲ್ಲಿ ಕಲಸಿ ತಿರುಗುವ ಬಟ್ಟೆಯ ಚಕ್ರಕ್ಕೆ ಹಚ್ಚಿ ಗಾಜನ್ನು ಒತ್ತಿ ಹಿಡಿದರೆ ಗೀರು ಮಾಯವಾಗುತ್ತದೆ. ಅದಕ್ಕೆ ಸೀರಿಯಂ ಅನ್ನುತ್ತಾರೆ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ತಿಳಿದುಕೊಂಡು ನಾನೇನು ಪರೀಕ್ಷೆ ಬರೆಯಬೇಕಿತ್ತೇ?

ಸಕ್ಕರೆ ಕಾಯಿಲೆಯಿಂದ ಅವರ ಕಿಡ್ನಿ ಎರಡೂ ಕೈಕೊಟ್ಟವು. ಊರಿನ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಶುರುವಾಯಿತು. ಅದರ ಸೂಜಿ ಚುಚ್ಚಲೆಂದು ಎಡಗೈಯ ನರವನ್ನು ಕೂಡಿಸಿ ಹೊಲಿದಿದ್ದರು, ಮುಟ್ಟಿದರೆ ಒಳಗೆ ಮೋಟಾರು ಓಡುತ್ತಿರುವ ಹಾಗೆ ಜುಮುಜುಮು ಅನ್ನುತ್ತಿತ್ತು. “ಇಂಜಿನ್ ಚಾಲೂ ಇದ್ದು, ಗೇರು ಮಾತ್ರ ಬೀಳ್ತಿಲ್ಲೆ” ಎಂದು ನನ್ನ ಬೆರಳು ಹಿಡಿದು ಅಲ್ಲಿ ಇಡುತ್ತಿದ್ದರು. ನಾನು ಕೈ ಎಳೆದುಕೊಳ್ಳುತ್ತಿದ್ದೆ. ನನಗೆ ಅದನ್ನು ಮುಟ್ಟಲು ಆಗುತ್ತಿರಲಿಲ್ಲ.

ನನ್ನ ಕಿಡ್ನಿ ಕೊಡುತ್ತೇನೆಂದು ನಾನೇ ಹೇಳಿದೆ. ಯಾರೂ ಕೇಳಿದ್ದಲ್ಲ. ಹುಬ್ಬಳ್ಳಿಯಲ್ಲಿ ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ ಹೊಂದುತ್ತದೆ ಅಂದರು. ಎಡಗಡೆಯದನ್ನು ತೆಗೆಯುತ್ತೇವೆ ಎಂದರು. ಬರುವಾಗ ಯಲ್ಲಾಪುರದಲ್ಲಿ ಬಸ್ಸಿಳಿದು ಚಹಾ ಕುಡಿಯುತ್ತ ನಾನು ಎಡಗಡೆಯ ಪಕ್ಕೆಯನ್ನು ಒತ್ತಿ ನೋಡಿಕೊಂಡೆ. ಅದು ಆಗಲೇ ನನ್ನದಲ್ಲ, ಇವರಿಗೆಂದು ತೆಗೆದಿಟ್ಟದ್ದು ಅನ್ನಿಸುತ್ತಿತ್ತು. ನಗಬೇಡಿ, ಮನೆಯಲ್ಲಿ ಒಂದು ಹಲಸಿನ ಹಣ್ಣನ್ನು ಯಾರಿಗೋ ಎಂದು ತೆಗೆದಿಟ್ಟರೆ ಅದನ್ನು ನಾವು ಮುಟ್ಟುತ್ತೇವೆಯೇ? ಹಾಗೆಯೇ.

ಆದರೆ ಹುಬ್ಬಳ್ಳಿಯ ಡಾಕ್ಟರು ಒಂದು ಷರತ್ತು ಹಾಕಿದರು. ರಕ್ತದಲ್ಲಿ ಫಾಸ್ಫರಸ್ ಬಹಳ ಏರಿದೆ, ಅದು ಇಳಿಯಬೇಕು. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ. ಅದು ಮೈಯಲ್ಲಿ ಉಳಿದು ಎಲುಬಿನ ಸುಣ್ಣವನ್ನು ಎಳೆಯುತ್ತದೆ, ಆ ಸುಣ್ಣ ಹೋಗಿ ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹೊಸ ಕಿಡ್ನಿಯನ್ನು ಕೂರಿಸುವುದು ಹಳೆಯದರ ಜಾಗದಲ್ಲಿ ಅಲ್ಲ, ಕಿಬ್ಬೊಟ್ಟೆಯಲ್ಲಿ, ಕಾಲಿಗೆ ಇಳಿಯುವ ನಾಳಕ್ಕೆ ಹೊಲಿದು.

“ನಾಳ ಮೆತ್ತಗ ಇದ್ರ ಹೊಲೀಬಹುದ್ರಿ. ಸುಣ್ಣದ ಗ್ವಾಡಿಗೆ ಸೂಜಿ ಹೆಂಗ ಹಾಕ್ಲಿ?” ಅಂದರು.

ಅದಕ್ಕೆಂದು ಒಂದು ಮಾತ್ರೆ ಬರೆದುಕೊಟ್ಟರು. ದಪ್ಪ, ದುಂಡಗೆ, ಬೆಳ್ಳಗೆ, ರುಚಿ ಇಲ್ಲದ ಸೀಮೆಸುಣ್ಣದಂಥದ್ದು. ಲ್ಯಾಂಥನಮ್ ಕಾರ್ಬೊನೇಟ್. ಊಟದಲ್ಲಿರುವ ಫಾಸ್ಫರಸ್ಸನ್ನು ಅದು ಹೊಟ್ಟೆಯಲ್ಲೇ ಹಿಡಿದು ಕಟ್ಟಿಹಾಕುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ, ತನ್ನ ಜೊತೆಗೇ ಹೊರಗೆ ಕರೆದೊಯ್ಯುತ್ತದೆ. ಊಟದ ಬೆನ್ನಿಗೇ ಚೆನ್ನಾಗಿ ಅಗಿದು ತೆಗೆದುಕೊಳ್ಳಬೇಕು ಎಂದರು. ಹಾಗೆಯೇ, ಎಲೆ, ಅಡಿಕೆ, ತಂಬಾಕು, ಸುಣ್ಣ ಇಂದಿಗೆ ಬಂದ್.

ಕವಳ ಬಿಟ್ಟ ಇವರನ್ನು ನೋಡಲಾಗುತ್ತಿರಲಿಲ್ಲ. ಊಟವಾದ ಮೇಲೆ ಕೈ ತಾನಾಗಿ ಎಲೆ ಅಡಿಕೆಯ ತಬಕಿನ ಕಡೆ ಹೋಗುತ್ತಿತ್ತು, ಅಲ್ಲಿ ತಬಕಿಲ್ಲ ಎಂದು ಗೊತ್ತಾಗಿ ಹಾಗೆಯೇ ಹಿಂದೆ ಬರುತ್ತಿತ್ತು. ನೋಡಿ ನೋಡಿ ಒಂದು ದಿನ ಅಟ್ಟಕ್ಕೆ ಹಾಕಿದ್ದ ಹಿತ್ತಾಳೆಯ ತಬಕನ್ನು ಇಳಿಸಿ, ತಿಕ್ಕಿ, ಎಲೆ ಇಡುವ ಜಾಗದಲ್ಲಿ ಆ ಮಾತ್ರೆ ಇಟ್ಟು ಮುಂದೆ ಸರಿಸಿದೆ.

“ಇದೇ ಕವಳ ಹೇಳಿ ತಿಳ್ಕಳಿ.”

ಅವರ ಮುಖ ಅರಳಿತು. ಮಾತ್ರೆಯನ್ನು ಎರಡು ಬೆರಳಲ್ಲಿ ಎತ್ತಿ, ಹಾಳು ಅಡಿಕೆ ಇದೆಯೋ ಎಂದು ನೋಡುವ ಹಾಗೆ ತಿರುಗಿಸಿ ನೋಡಿ, ದವಡೆಗೆ ಸೇರಿಸಿದರು. ಕರಕರ, ಕರಕರ. ಕಣ್ಣು ಅರೆಮುಚ್ಚಿ ಗೋಡೆಗೆ ಒರಗಿ ಅಗಿಯುತ್ತಲೇ ಇದ್ದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ನನಗೂ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಊಟವಾದ ಮೇಲೆ ಅಗಿದು, ಎದ್ದು ಹಿತ್ತಲಿಗೆ ಹೋಗುವ ಗಂಡಸರನ್ನು ನಾನು ತೊಟ್ಟಿಲಿನಿಂದಲೇ ನೋಡಿದ್ದೇನೆ.

ಇನ್ನು ಪಥ್ಯ. ಹಾಲು ಬಂದ್, ಮೊಸರು ಚಮಚೆಯಲ್ಲಿ, ಬೇಳೆ ಹೆಸರಿಗೆ ಮಾತ್ರ, ಶೇಂಗಾ ಗೋಡಂಬಿ ಕಣ್ಣೆತ್ತಿ ನೋಡುವ ಹಾಗಿಲ್ಲ. ನಾನು ಅಡುಗೆಮನೆಯಲ್ಲಿ ಪೊಲೀಸಿನವಳಾದೆ. ಆದರೆ ಪ್ರತಿ ಸಲ ರಕ್ತಪರೀಕ್ಷೆಯ ಕಾಗದ ಬಂದಾಗಲೂ ಅದೇ ಕಥೆ. ಫಾಸ್ಫರಸ್ ಇದ್ದಲ್ಲೇ ಇದೆ. ಕೆಲವು ಸಲ ಇನ್ನೂ ಮೇಲೆ. ರಾತ್ರಿ ಹಗಲೆನ್ನದೆ ಮೈ ತುರಿಸಿಕೊಂಡು ಬೆನ್ನಿನ ಮೇಲೆ ಗೀರು ಎದ್ದಿತ್ತು. ಡಾಕ್ಟರು ಕಾಗದ ನೋಡಿ, ಇವರ ಮುಖ ನೋಡಿ, “ಯಜಮಾನರ, ಹೊರಗ ಏನರ ತಿಂತೀರೇನ್ರಿ?” ಅಂದರು. ಮಾತ್ರೆಯ ಪ್ರಮಾಣ ಏರಿಸಿದರು. ಆಪರೇಷನ್ನು ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು.

ನನಗೆ ಪಿತ್ತ ನೆತ್ತಿಗೇರಿತು. ನಾನು ಪಕ್ಕೆ ಕೊಯ್ಯಿಸಿಕೊಳ್ಳಲು ತಯಾರಾಗಿ ಕೂತಿದ್ದೇನೆ, ಈ ಮನುಷ್ಯ ಎಲ್ಲೋ ಕದ್ದು ಮಿಠಾಯಿ ಮುಕ್ಕುತ್ತಿದ್ದಾನೆ! ಅಂಗಿಯ ಕಿಸೆ ತಡಕಿದೆ, ಚೀಲ ಮೂಸಿದೆ. ಇವರ ಜೊತೆಯ ಹಳೆಯ ಕಂಡಕ್ಟರನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಪೇಡೆ ಗೀಡೆ ಕೊಡಿಸುತ್ತೀರಾ ಎಂದು ಜಬರಿಸಿದೆ. ಆ ಪಾಪದವನು ದೇವರಾಣೆ ಇಟ್ಟ. ಕೊನೆಗೆ ಇವರನ್ನೇ ಎದುರು ಕೂರಿಸಿಕೊಂಡೆ.

“ಖರೆ ಹೇಳಿ. ಎಲ್ಲಿ, ಎಂತ ತಿಂದಿದ್ದು?”

“ಆನು ಎಂತೂ ತಿಂದಿದ್ನಿಲ್ಲೆ ಮಾರಾಯ್ತಿ.”

“ಮತ್ತೆ ಅದು ಮೇಲಿಂದ ಉದುರ್ತಾ?”

ಅವರು ಎಡಗೈಯ ಉಬ್ಬಿದ ನರವನ್ನು ಬಲಗೈಯಿಂದ ಸವರುತ್ತ ಕೂತರು. “ನಿಂಗೆ ಕೊಡ್ಲೆ ಮನಸ್ಸಿಲ್ಲದೇ ಹೋದ್ರೆ ಹಾಂಗೇ ಹೇಳು. ಆನು ಬೇಜಾರು ಮಾಡ್ಕತ್ನಿಲ್ಲೆ” ಎಂದರು. ಆ ಮಾತಿಗೆ ನಾನು ಎದ್ದು ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಯನ್ನು ದಡಾರನೆ ಕುಕ್ಕಿದೆ. ಸಂಜೆ ಸಿಟ್ಟಿನಲ್ಲೇ ಹಿತ್ತಲಿಗೆ ಹೋಗಿ ಬಗ್ಗಿ ನೋಡಿದರೆ ತೊಟ್ಟಿಯ ನೀರು ಗಾಜಿನಂತೆ ನಿಂತಿತ್ತು. ಒಳ್ಳೆಯದಾಗುತ್ತದೆ ಅಂದಿದ್ದಳಲ್ಲ ಪಕ್ಕದ ಮನೆಯವಳು, ಎಲ್ಲಿ ಒಳ್ಳೆಯದು ಎಂದು ಆ ನೀರನ್ನೇ ಬೈದೆ.

ನಮ್ಮ ಅಂಗಡಿಗೆ ಗುಲಾಬಿ ಹುಡಿ ತರುವವನು ಹುಬ್ಬಳ್ಳಿಯವನು. ಬಾಯಿಬಡುಕ. ಹುಡಿಯ ಪೊಟ್ಟಣ ಇಳಿಸಿ ಚಹಾ ಕುಡಿಯುವವರೆಗೆ ಜಗತ್ತಿನ ಸುದ್ದಿಯೆಲ್ಲ ಹೇಳಿ ಮುಗಿಸುತ್ತಾನೆ. ಒಂದು ಮಧ್ಯಾಹ್ನ ನಾನು ಚಕ್ರದ ಮುಂದೆ ಕೂತಿದ್ದೆ. ನನ್ನ ಚೀಲದ ಬಾಯಿಂದ ಇವರಿಗೆಂದು ಆಗಷ್ಟೇ ಕೊಂಡ ಮಾತ್ರೆಯ ಡಬ್ಬಿ ಹೊರಗೆ ಇಣುಕುತ್ತಿತ್ತು. ಅವನು ಹೆಸರು ಓದಿದ.

“ಏ ಅಕ್ಕಾರ, ಲ್ಯಾಂಥನಮ್! ಇದು ನಮ್ಮ ಮಾಲಿನ ಅಣ್ತಮ್ಮ ಐತ್ರಿ. ನಿಮ್ಮ ಸೀರಿಯಂ, ಈ ಲ್ಯಾಂಥನಮ್, ಎರಡೂ ಒಂದ ಮಣ್ಣಾಗ ಹುಟ್ಟತಾವು.”

ಅಲ್ಲಿಂದ ಶುರುವಾಯಿತು ಅವನ ಪುರಾಣ. ನಮ್ಮ ಗುಲಾಬಿ ಹುಡಿಯೂ ಮೊದಲು ಇಂಥದೇ ಬಿಳಿ ಕಾರ್ಬೊನೇಟಂತೆ, ಸುಟ್ಟರೆ ಗಾಳಿ ಬಿಟ್ಟುಕೊಟ್ಟು ಉಜ್ಜುವ ಹುಡಿಯಾಗುತ್ತದಂತೆ. ಲ್ಯಾಂಥನಮ್ಮಿನದನ್ನು ಸುಟ್ಟು ಕೆಮರಾದ ಗಾಜಿಗೆ ಬೆರೆಸುತ್ತಾರಂತೆ, ಗಾಜು ತೆಳ್ಳಗಿದ್ದರೂ ಬೆಳಕನ್ನು ಚೆನ್ನಾಗಿ ಬಗ್ಗಿಸುತ್ತದಂತೆ. ಕಚ್ಚಾ ಎಣ್ಣೆಯನ್ನು ಒಡೆದು ಪೆಟ್ರೋಲು ಮಾಡುವಲ್ಲಿಯೂ ಅದೇ ಬೇಕಂತೆ. ನೀರಿಗೆ ಹಾಕಿದರೆ ಕರಗುವುದಿಲ್ಲ, ಹುಳಿಗೆ ಹಾಕಿದರೆ ಬುರುಬುರು ನೊರೆ ಬಿಟ್ಟು ಕರಗುತ್ತದೆ, ಅದಕ್ಕೇ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ. ನಾನು ಹೂಂ ಹೂಂ ಎನ್ನುತ್ತ ಗಾಜು ಒತ್ತುತ್ತಿದ್ದೆ. ಅರ್ಧ ಕಿವಿಗೆ, ಅರ್ಧ ಗಾಳಿಗೆ.

“ಮತ್ತ ಇನ್ನೊಂದ್ ಗಮ್ಮತ್ತ ಕೇಳ್ರಿ. ದೊಡ್ಡ ದೊಡ್ಡ ಹೋಟೆಲಿನ ಈಜುಕೊಳಕ್ಕ, ಕೆರಿಗೆ ಇದನ್ನ ಹಾಕ್ತಾರ. ನೀರಾಗಿನ ಫಾಸ್ಫೇಟ್ ಎಲ್ಲಾ ಹಿಡಕೊಂಡು ತಳಕ್ಕ ಕುಂಡರತೈತಿ. ಪಾಚಿಗೆ ತಿನ್ನಾಕ ಏನೂ ಉಳಿಯಂಗಿಲ್ಲ, ಉಪವಾಸ ಬಿದ್ದು ಸಾಯ್ತೈತಿ. ಎಂಥಾ ಹಸರ ನೀರಿದ್ರೂ ತಳ ಕಾಣ್ತೈತಿ ನೋಡ್ರಿ!”

ಕೈಯಲ್ಲಿದ್ದ ಗಾಜು ಚಕ್ರದಿಂದ ಜಾರಿ ಗೋಡೆಗೆ ಹೊಡೆದು ಚೂರಾಯಿತು. ಯಾರದೋ ಓದುವ ಕನ್ನಡಕ. ಅವನು “ಅಯ್ಯ, ಕೈಗೆ ತಾಕಿತೇನ್ರಿ?” ಎನ್ನುತ್ತಿದ್ದ. ನಾನು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಬೀದಿಗಿಳಿದಿದ್ದೆ.

ಮನೆಗೆ ಹೋದಾಗ ಅವರು ಊಟ ಮುಗಿಸಿ, ತಬಕನ್ನು ಮುಂದಿಟ್ಟುಕೊಂಡು ಗೋಡೆಗೊರಗಿ ಅಗಿಯುತ್ತಿದ್ದರು. ಕರಕರ, ಕರಕರ. ನಾನು ಬಾಗಿಲ ಹಿಂದೆ ನಿಂತೆ. ಎದ್ದರು. ಹಿತ್ತಲಿಗೆ ನಡೆದರು. ಕೈ ತೊಳೆಯುವ ಕಲ್ಲಿನ ಮೇಲೆ ಬಗ್ಗಿ, ಬಸ್ಸಿನ ಕಿಟಕಿಯಿಂದ ಉಗಿಯುತ್ತಿದ್ದರಲ್ಲ, ಅದೇ ಠೀವಿಯಲ್ಲಿ, ಬಾಯಲ್ಲಿದ್ದುದನ್ನೆಲ್ಲ ಪಿಚಕ್ಕೆಂದು ಉಗಿದರು. ಹಾಲಿನಂತೆ ಬಿಳಿ. ತಂಬಿಗೆಯ ನೀರಿನಿಂದ ಮುಕ್ಕಳಿಸಿ ಅದನ್ನೂ ಉಗಿದರು. ಬಿಳಿ ನೀರು ಗಟಾರದಲ್ಲಿ ಹರಿದು ತೊಟ್ಟಿಗೆ ಇಳಿಯಿತು. ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ.

“ಉಗಿತ್ರಾ?” ಅಂದೆ. “ಮಾತ್ರೆ ಉಗಿತ್ರಾ?”

ಅವರು ಗಾಬರಿಯಿಂದ ತಿರುಗಿದರು. ಮೀಸೆಯ ಅಂಚಿನಲ್ಲಿ ಬಿಳಿ ಹುಡಿ.

“ರಸ ಪೂರಾ ಒಳಗೆ ಹೋಯ್ದಲೆ. ಚೊಲೋ ಮಾಡಿ ಅಗಿದು ಉಗಿದಿದ್ದು. ಚರಟ ನುಂಗೂದು ಎಲ್ಲಾದ್ರೂ ಇದ್ದಾ?”

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನಗು ಬಂತು, ನಿಜವಾಗಿಯೂ ಬಂತು. ನಗುತ್ತ ನಗುತ್ತಲೇ ಅಳು ಬಂತು. ಆ ಮಾತ್ರೆಯಲ್ಲಿ ರಸ ಎಂಬುದೇ ಇಲ್ಲ, ಎಲ್ಲ ಚರಟವೇ, ಆ ಚರಟವೇ ಔಷಧಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಗಿಯುವಂಥದ್ದರ ರಸ ನುಂಗಿ ಚರಟ ಉಗಿಯಬೇಕೆಂಬುದು ಅವರ ಹಲ್ಲಿಗೆ, ನಾಲಗೆಗೆ ಗೊತ್ತಿತ್ತು, ತಲೆಯನ್ನು ಕೇಳುವ ಪ್ರಶ್ನೆಯೇ ಬರಲಿಲ್ಲ. ಒಂದು ಮಾತ್ರೆಯನ್ನೂ ಅವರು ತಪ್ಪಿಸಿರಲಿಲ್ಲ. ಒಂದು ತುಂಡು ಶೇಂಗಾ ಕದ್ದು ತಿಂದಿರಲಿಲ್ಲ. ಇಷ್ಟು ದಿನವೂ ಔಷಧಿ ಮಾಡಿದ್ದು ತೊಟ್ಟಿಗೆ. ವಾಸಿಯಾದದ್ದೂ ತೊಟ್ಟಿಯೇ.

ಮರುದಿನದಿಂದ ನಾನು ಎದುರು ಕೂತು ನುಂಗಿಸಿದೆ. ತಬಕನ್ನು ಮತ್ತೆ ಅಟ್ಟಕ್ಕೆ ಹಾಕಿದೆ. ನುಂಗುವಾಗ ಅವರು ಮಾಡುತ್ತಿದ್ದ ಮುಖವನ್ನು ನೋಡಬೇಕಿತ್ತು, ಚಿಕ್ಕ ಮಕ್ಕಳಿಗೆ ಹರಳೆಣ್ಣೆ ಕುಡಿಸಿದ ಹಾಗೆ. “ಸೀಮೆಸುಣ್ಣ ತಿನ್ನಿಸಿ ಮಾಸ್ತರಿಕೆ ಮಾಡ್ಸೂ ವಿಚಾರ ಇದ್ದಾ ನಿಂದು?” ಎಂದು ಗೊಣಗುತ್ತಿದ್ದರು. ಹೊಟ್ಟೆ ತೊಳೆಸುತ್ತಿತ್ತು, ಆದರೂ ನುಂಗಿದರು. ಬಾಯಿ ತೆಗೆಸಿ ನಾಲಗೆಯಡಿ ನೋಡುತ್ತಿದ್ದೆ.

ಫಾಸ್ಫರಸ್ ಇಳಿಯಿತು. ಕಾಗದದಲ್ಲಿ ಇಳಿಯುವ ಮೊದಲೇ ನನಗೆ ಗೊತ್ತಾಗಿತ್ತು. ತೊಟ್ಟಿಯ ಮೂಲೆಯಲ್ಲಿ ಒಂದು ಎಳೆ ಹಸಿರು ಕಂಡಿತ್ತು. ದಿನ ಬೆಳಗಾದರೆ ಹೋಗಿ ನೋಡುತ್ತಿದ್ದೆ. ಹಸಿರು ಅಂಚಿಗೆ ಹಬ್ಬಿತು, ತಳದ ಉಳಿ ಗುರುತುಗಳನ್ನು ಮುಚ್ಚಿತು, ಗಪ್ಪಿಗಳು ಅದರೊಳಗೆ ಮಾಯವಾದವು. ಆ ಕೊಳಕು ಪಾಚಿ ನೀರಿನಷ್ಟು ಚಂದದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. “ನಿನ್ನ ಗಂಗೆ ಮತ್ತೆ ಕೆಟ್ಟು ಹೋಯ್ತಲ್ಲೇ” ಎಂದು ಪಕ್ಕದ ಮನೆಯಾಕೆ ಮರುಗಿದಳು. “ಕೆಡಲಿ, ಇನ್ನೂ ಕೆಡಲಿ” ಅಂದೆ.

ಆಪರೇಷನ್ನಿಗೆ ಮೊದಲು ಹೊಟ್ಟೆಯ ಎಕ್ಸ್‌ರೇ ಬೇಕೆಂದರು. ಹುಬ್ಬಳ್ಳಿಗೆ ಹೊರಟೆವು. ಯಲ್ಲಾಪುರದ ಕಾಡಿನ ರಸ್ತೆಯಲ್ಲಿ ಇವರು ಕಿಟಕಿಯ ಪಕ್ಕ ಕೂತು, ಬಸ್ಸಿನ ಹೊಸ ಡ್ರೈವರು ತಿರುವಿನಲ್ಲಿ ತಪ್ಪು ಗೇರು ಹಾಕಿದಾಗೆಲ್ಲ ಹಲ್ಲು ಕಡಿಯುತ್ತಿದ್ದರು. ವಾಸಿಯಾದ ಮೇಲೆ ಸ್ಟೇರಿಂಗ್ ಕೊಡುತ್ತಾರೋ ಇಲ್ಲವೋ, ಡಿಪೋದಲ್ಲಿ ಕೂತು ಮಾಡುವ ಕೆಲಸವಾದರೂ ಸಿಕ್ಕೀತು ಎಂದು ಲೆಕ್ಕ ಹಾಕುತ್ತಿದ್ದರು. ನಾನು ಎಡಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಸಿಕ್ಕಿಸಿದರು. ಇವರ ಹೊಟ್ಟೆಯ ಕತ್ತಲೆಯಲ್ಲಿ ಅಲ್ಲಲ್ಲಿ ಬೆಳ್ಳಗೆ ಚುಕ್ಕಿಗಳು, ಯಾರೋ ಅಕ್ಕಿ ನುಚ್ಚು ಚೆಲ್ಲಿದ ಹಾಗೆ.

“ಇದು ನಿಮ್ಮ ಮಾತ್ರೀರಿ” ಅಂದರು, ಉಗಿಯುತ್ತಿದ್ದ ಕಥೆಯನ್ನು ನಾನು ಅವರಿಗೆ ಮೊದಲೇ ಹೇಳಿದ್ದೆ. “ಭಾರದ ಲೋಹ, ಎಕ್ಸ್‌ರೇ ಒಳಗ ಹಿಂಗ ಕಾಣ್ತದ. ಈಗ ಖರೇನ ನುಂಗಾಕತ್ತೀರಿ.”

ಇವರು ನನ್ನ ಕಡೆ ತಿರುಗಿ, ಪರೀಕ್ಷೆ ಪಾಸಾದವರ ಹಾಗೆ ಹುಬ್ಬು ಹಾರಿಸಿದರು. ನಾನೂ ನಕ್ಕೆ. ಆದರೆ ಡಾಕ್ಟರ ಬೆರಳು ಚುಕ್ಕಿಗಳನ್ನು ದಾಟಿ ಕೆಳಗೆ ಇಳಿಯಿತು. ಅಲ್ಲಿ ಸೊಂಟದ ಎರಡೂ ಕಡೆ, ಕಾಲಿಗೆ ಇಳಿಯುವ ದಾರಿಯಲ್ಲಿ, ಎರಡು ಬಿಳಿ ಗೆರೆಗಳಿದ್ದವು. ಗೋಡೆಗೆ ಸುಣ್ಣ ಹೊಡೆಯುವವರು ದಾರ ಹಿಡಿದು ಎಳೆದಷ್ಟು ಸ್ಪಷ್ಟ. ಅದು ಏನೆಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಮಾತ್ರೆ ಬಂದು ಮುಟ್ಟಿತ್ತು, ಸುಣ್ಣ ಅದಕ್ಕಿಂತ ಮೊದಲೇ ಬಂದು ಕೂತಿತ್ತು. ಮತ್ತೂ ಒಂದು ಸ್ಕ್ಯಾನ್ ಮಾಡಿಸಿದರು. ಹೊಲಿಯಲು ಮೆತ್ತನೆಯ ಜಾಗ ಎಲ್ಲೂ ಇಲ್ಲ ಅಂದರು.

ವಾಪಸ್ಸು ಬರುವಾಗ ಯಲ್ಲಾಪುರ ದಾಟಿದ ಮೇಲೆ ಅವರೇ ಬಾಯಿ ಬಿಟ್ಟರು.

“ಹೋಗ್ಲಿ ಬಿಡು. ನಿನ್ನ ಕಿಡ್ನಿ ನನ್ನೊಳಗೆ ಬಂದಿದ್ರೆ ಅದೂ ದಿನಾ ಬೈತಾ ಇರ್ತಿತ್ತು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವರ ಮೇಲಲ್ಲ. ಯಾರ ಮೇಲೆಂದು ಇವತ್ತಿಗೂ ಗೊತ್ತಿಲ್ಲ. ಅಗಿಯಿರಿ ಎಂದವರು ಸರಿಯಾಗಿಯೇ ಹೇಳಿದ್ದರು, ಅಗಿದವರು ಸರಿಯಾಗಿಯೇ ಅಗಿದಿದ್ದರು. ಬೈಯಲು ಒಬ್ಬರೂ ಸಿಗದಿದ್ದರೆ ಮನುಷ್ಯ ಏನು ಮಾಡಬೇಕು? ಅವತ್ತು ಬಸ್ಸಿನಲ್ಲಿ ಮೊದಲ ಸಲ ಅವರ ಎಡಗೈಯನ್ನು ತೆಗೆದುಕೊಂಡು ಆ ಉಬ್ಬಿದ ನರದ ಮೇಲೆ ಬೆರಳಿಟ್ಟೆ. ಜುಮುಜುಮು ಅನ್ನುತ್ತಿತ್ತು. ಶಿರಸಿ ಬರುವವರೆಗೂ ಬಿಡಲಿಲ್ಲ.

ಆಮೇಲೆ ಕೆಲವು ಕಾಲ ಇದ್ದರು. ಡಯಾಲಿಸಿಸ್ಸಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಮಾತ್ರೆ ಅಗಿದು ನುಂಗುತ್ತಿದ್ದರು. ನಾನು ಸಾಕು ಬಿಡಿ ಎಂದರೂ ಬಿಡಲಿಲ್ಲ. “ಕಲಿತದ್ದೇ ತಡವಾಗಿ, ಬಿಡೂದು ಎಂತಕ್ಕೆ?” ಎನ್ನುತ್ತಿದ್ದರು. ಒಂದು ಮಧ್ಯಾಹ್ನ, ಊಟವಾದ ಮೇಲೆ ಗೋಡೆಗೆ ಒರಗಿದವರು ಹಾಗೆಯೇ ಉಳಿದರು. ಹೃದಯ ಅಂದರು. ನಾನು ಮೊದಲು ಮುಟ್ಟಿ ನೋಡಿದ್ದು ಎಡಗೈಯನ್ನು. ಅಲ್ಲಿ ಸದ್ದಿರಲಿಲ್ಲ.

ಈಗ ಮಧ್ಯಾಹ್ನವೇ ನನಗೆ ಕಷ್ಟ. ಪಕ್ಕದ ಗಿರಣಿಯವರು ಊಟಕ್ಕೆಂದು ಮೋಟಾರು ನಿಲ್ಲಿಸುತ್ತಾರೆ. ಆ ಸದ್ದು ನಿಂತ ಮೇಲಿನ ಮೌನದಲ್ಲಿ, ಗೋಡೆಯ ಹತ್ತಿರ ಕರಕರ ಕೇಳುತ್ತದೆ. ಇಲಿ ಇರಬಹುದು ಎಂದು ಬೋನು ಇಟ್ಟೆ, ಇಲಿ ಬೀಳಲಿಲ್ಲ. ಒಂದು ಸಲ ತಡೆಯಲಾರದೆ “ಚರಟ ನುಂಗಿ!” ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಸದ್ದು ನಿಂತಿತು. ಅದು ನಿಂತದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು, ಯಾಕೆ ಕೂಗಿದೆನೋ ಎಂದು ಹಳಹಳಿಸಿದೆ.

ಡಬ್ಬಿಯಲ್ಲಿ ಮಾತ್ರೆಗಳು ಉಳಿದಿದ್ದವು. ಬೇರೆಯವರಿಗೆ ಕೊಡಿ ಎಂದು ಆಸ್ಪತ್ರೆಗೆ ಒಯ್ದೆ, ಒಡೆದ ಡಬ್ಬಿಯದು ಬೇಡವೆಂದರು. ಮನೆಗೆ ತಂದು ಇಟ್ಟೆ. ತೊಟ್ಟಿ ಆಗ ಗಟ್ಟಿ ಹಸಿರಾಗಿತ್ತು. ಒಂದು ಮಧ್ಯಾಹ್ನ ಏನು ತೋಚಿತೋ, ಅಟ್ಟದಿಂದ ತಬಕು ಇಳಿಸಿದೆ. ಅತ್ತೆ ಹಲ್ಲು ಬಿದ್ದ ಮೇಲೆ ಕವಳ ಕುಟ್ಟಿಕೊಳ್ಳುತ್ತಿದ್ದ ಸಣ್ಣ ಕುಟ್ಟಾಣಿ ಅದರಲ್ಲೇ ಇತ್ತು. ಒಂದು ಮಾತ್ರೆ ಹಾಕಿ ಕುಟ್ಟಿದೆ. ಕರಕರ, ಕರಕರ. ಹುಡಿಯನ್ನು ಕೈ ತೊಳೆಯುವ ಕಲ್ಲಿನ ಮೇಲೆ ಸುರಿದು, ತಂಬಿಗೆಯಲ್ಲಿ ನೀರು ಬಿಟ್ಟೆ. ಬಿಳಿ ನೀರು ಗಟಾರದಲ್ಲಿ ಹರಿದು ತೊಟ್ಟಿಗೆ ಇಳಿಯಿತು. ಮರುದಿನವೂ ಹಾಗೆಯೇ ಮಾಡಿದೆ. ಅದರ ಮರುದಿನವೂ.

ನೀರು ತಿಳಿಯಾಯಿತು. ಅಂಚು, ಆಮೇಲೆ ನಡು, ಆಮೇಲೆ ತಳ. ಅವರು ಈಗಷ್ಟೇ ಕೈ ತೊಳೆದು ಒಳಗೆ ಹೋದ ಹಾಗಿತ್ತು. ಬೆನ್ನಿನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ಅನ್ನಿಸಿತು. ಹೆದರಿಕೆಯಿಂದ ಮೈ ಜುಮ್ಮೆಂದಿತು, ಆದರೂ ತಿರುಗಿ ನೋಡಲಿಲ್ಲ. ತಿರುಗಿದರೆ ಬರಿಯ ಬಾಗಿಲು ಇರುತ್ತದೆಂದು ನನಗೇನು ಗೊತ್ತಿಲ್ಲವೇ? ಹೆದರಿಕೊಂಡೇ ಎಷ್ಟೋ ದಿನ ಹಾಗೆ ಮಾಡಿದೆ. ಪಕ್ಕದ ಮನೆಯಾಕೆ ಒಮ್ಮೆ ಇಣುಕಿದವಳು ಈ ಸಲ ಗಂಗೆಯ ಸುದ್ದಿ ಎತ್ತಲಿಲ್ಲ. ಕುಟ್ಟಾಣಿ ಹಿಡಿದು ಕೂತ ನನ್ನನ್ನು ನೋಡಿ ತಲೆ ಒಳಗೆ ಎಳೆದುಕೊಂಡಳು.

ಮೊನ್ನೆ ಮಾತ್ರೆ ಮುಗಿಯಿತು. ಡಬ್ಬಿಯನ್ನು ತಲೆಕೆಳಗೆ ಮಾಡಿ ಬಡಿದು ತಳದ ಹುಡಿಯನ್ನೂ ಗಟಾರಕ್ಕೆ ಬಿಟ್ಟೆ. ಇವತ್ತು ಬೆಳಿಗ್ಗೆ ನೋಡಿದರೆ ತೊಟ್ಟಿಯ ಮೂಲೆಯಲ್ಲಿ ಒಂದು ಎಳೆ ಹಸಿರು. ನೀರು ಹಸಿರಾದರೆ ಸಮಾಧಾನ ಎಂದೆನಲ್ಲ, ಸುಳ್ಳು. ಒಂದು ಕಾಲದಲ್ಲಿ ಆ ಹಸಿರೆಂದರೆ ಅವರು ಔಷಧಿ ನುಂಗುತ್ತಿದ್ದಾರೆ ಎಂದು ಅರ್ಥ. ಈಗ ಅದಕ್ಕೆ ಅವರು ಇಲ್ಲ ಎನ್ನುವುದೊಂದೇ ಅರ್ಥ. ತೊಟ್ಟಿಯ ಅಂಚಿಗೆ ಕೂತು, ಎಡಪಕ್ಕೆಯ ಮೇಲೆ ಕೈಯಿಟ್ಟು ಒತ್ತಿ ನೋಡಿಕೊಂಡೆ. ಅವರಿಗೆಂದು ತೆಗೆದಿಟ್ಟದ್ದು ಒಳಗೇ ಇದೆ. ಚೆನ್ನಾಗಿಯೇ ಇದೆಯಂತೆ, ಇನ್ನೂ ಬಹಳ ವರ್ಷ ಬಾಳುತ್ತದಂತೆ.